ಹಗ್ಗಕ್ಕೆ ಆಸಿಡ್ ಬಿದ್ದ ಗುರುವಾರ

ಶಾಸನಗಳ ತಿಥಿ-ವಾರಗಳನ್ನು ತಾಳೆ ನೋಡುವುದರಲ್ಲೇ ನನ್ನ ಸೇವಾವಧಿ ಕಳೆಯಿತು. ನಿವೃತ್ತನಾಗಿ ಹೊನ್ನಾಳಿಯಲ್ಲಿ ನೆಲೆಸಿದ ಮೇಲೂ ಅಭ್ಯಾಸ ಬಿಟ್ಟಿಲ್ಲ. ಮನೆಮಂದಿಯ ಮಾತಿನಲ್ಲಿ ಬರುವ ವಾರವನ್ನೂ ಪರೀಕ್ಷಿಸದೆ ಒಪ್ಪುವುದಿಲ್ಲ.

ನ್ಯಾಮತಿಯಲ್ಲಿರುವ ನನ್ನ ತಂಗಿಯ ಮಗಳು ಮತ್ತು ಅವಳ ಗಂಡ ಗಾಜು ತೊಳೆಯುವ ಕೆಲಸದವರು. ಹೊನ್ನಾಳಿ, ಚನ್ನಗಿರಿಗಳ ಬಟ್ಟೆ ಅಂಗಡಿಗಳು ಈಗ ಅಂತಸ್ತು ಏರಿಸಿ ಮುಂಭಾಗಕ್ಕೆ ಗಾಜು ಹಾಕಿಸಿಕೊಂಡಿವೆ. ವಾರದ ದಿನಗಳಲ್ಲಿ ಅವನು ಸೊಂಟಕ್ಕೆ ಪಟ್ಟಿ ಬಿಗಿದು ಹಗ್ಗದಲ್ಲಿ ಇಳಿಯುತ್ತಾನೆ. ಅವಳು ತಾರಸಿಯ ಮೇಲೆ ನಿಂತು ಹಗ್ಗವನ್ನು ಹದವಾಗಿ ಬಿಡುತ್ತಾಳೆ. ಭಾನುವಾರ ಇದು ತಿರುವುಮುರುವಾಗುತ್ತಿತ್ತು. ಜಗಳೂರಿನ ಆಚೆ, ಮುಳ್ಳುಕಂಟಿ ಬಿಟ್ಟರೆ ನೆರಳೇ ಇಲ್ಲದ ಬಯಲಿನಲ್ಲಿ ಒಂದು ಸೀಳುಬಂಡೆಯಿದೆ. ಹಿಂಬದಿಯಿಂದ ನಡೆದು ಹೋಗಿ ನೆತ್ತಿಯ ಮೇಲೆ ಕೊಂಡಿ ಹಾಕಿ, ಅದೇ ಹಗ್ಗವನ್ನು ಅದರಲ್ಲಿ ಹಾಯಿಸಿ ಬರುತ್ತಿದ್ದರು. ಅವಳು ಮುಂಬದಿಯಿಂದ ಹತ್ತುವಳು; ಅವನು ಕೆಳಗೆ ನಿಂತು ಹಗ್ಗ ಹಿಡಿಯುವವನು. ಆ ಸುತ್ತಿನಲ್ಲಿ ವೀರಗಲ್ಲುಗಳನ್ನು ಹುಡುಕುವ ನೆಪದಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ.

ಬೇಸಗೆಯಿಂದಲೂ ಅವಳು ಆ ಸೀಳಿನ ಕೊನೆಯ ಉಬ್ಬಿನಲ್ಲಿ ಸೋಲುತ್ತಿದ್ದಳು. ದೀಪಾವಳಿಗೆ ಮುಂಚಿನ ಭಾನುವಾರ ಅದನ್ನು ದಾಟಿಯೇ ತೀರುವೆನೆಂದು ಹೊರಟಳು. ಕುರಿ ಕಾಯುವ ಇಬ್ಬರು ನಡುವಯಸ್ಸಿನವರು ಬಂಡೆಯ ಬುಡದಲ್ಲಿ ಕುಳಿತಿದ್ದರು.

“ಏನಣ್ಣಾ, ಹೆಂಡ್ತಿಗೆ ಹಗ್ಗ ಕಟ್ಟೀಯಲ್ಲ, ಓಡಿಹೋಗ್ತಾಳಾ?” ಎಂದ ಒಬ್ಬ.

“ಸರಿಯಾಗಿ ನೋಡಲೇ, ಕಟ್ಟಿಸ್ಕಂಡು ನಿಂತಿರಾದು ಯಾರು ಅಂತ,” ಎಂದ ಇನ್ನೊಬ್ಬ.

ಅವಳು ನಕ್ಕಳು. “ಬಿಡ್ರಣ್ಣ, ನಮ್ಮನೆಯೋರಿಗೆ ಹಿಡ್ಕಣಾಕೆ ಅದೊಂದಾದ್ರೂ ಬರುತ್ತೆ.”

ಅವನ ಮುಖ ಬಿಗಿಯಿತು. ಅವಳು ಗಂಟು ಬಿಗಿದು, ತಲೆಯೆತ್ತರಕ್ಕೆ ಹತ್ತಿ, ಬೆರಳುಗಳನ್ನು ಸೀಳಿಗೆ ತೂರಿಸುವವರೆಗೂ ಸುಮ್ಮನಿದ್ದ. ಆಮೇಲೆ ಹೇಳಿದ: “ಹಗ್ಗಕ್ಕೆ ಆಸಿಡ್ ಬಿದ್ದೈತೆ.”

ಹೊಸ ಕಟ್ಟಡಗಳ ಗಾಜಿಗೆ ಹತ್ತಿದ ಸಿಮೆಂಟಿನ ಕಲೆಯನ್ನು ಅವರು ಆಸಿಡ್ ಹಚ್ಚಿ ತೆಗೆಯುತ್ತಾರೆ. ಅದು ನೈಲಾನ್ ಹಗ್ಗಕ್ಕೆ ತಾಗಿದರೆ ಹೊರಗೇನೂ ಕಾಣದಿರಬಹುದು, ಒಳಗಿನ ಎಳೆ ಸತ್ತಿರಬಹುದು; ಕೆಲಸಕ್ಕೆ ಸೇರಿದ ದಿನವೇ ಇಬ್ಬರೂ ಕಲಿತ ಪಾಠ ಅದು.

“ಯಾವಾಗ ಬಿತ್ತು?” ಎಂದಳು, ಬಂಡೆಗೆ ಅಂಟಿಕೊಂಡೇ.

“ಗುರುವಾರ, ಚನ್ನಗಿರಿಯಾಗೆ. ನೀನು ಸಾಸ್ವೆಹಳ್ಳಿಗೆ ಸೀಮಂತಕ್ಕೆ ಹೋಗಿದ್ಯಲ್ಲ, ಅವತ್ತು. ಹತ್ತಂಗಿದ್ರೆ ಹತ್ತು. ನಾನೇನು ಬ್ಯಾಡ ಅಂದ್ನಾ?”

ಅವಳು ಕೆಳಗಿಳಿದಳು. ಸೊಂಟದ ಗಂಟು ಬಿಚ್ಚಿದಳು. ಕುರಿಯವರು ಎದ್ದು ಹೋದರು. ಊರು ತಲುಪುವವರೆಗೂ ಅವನು ಸಿಳ್ಳೆ ಹಾಕಿದ.

ನನಗೆ ಗುರುವಾರದ ಬಗ್ಗೆ ಅನುಮಾನ ಬಂತು. ಬುಧವಾರ ಸಂಜೆ ಅವನು ನೆನೆದ ಹಗ್ಗವನ್ನು ನನ್ನ ತಾರಸಿಯ ಮೇಲೆ ಒಣಹಾಕಿ ಹೋಗಿದ್ದ, ಶುಕ್ರವಾರ ಒಯ್ದಿದ್ದ. ನೆರೆಮನೆಯಾಕೆ ಗುರುವಾರ ಹಪ್ಪಳ ಹರವಲು ಬಂದು ಅದನ್ನು ಪಕ್ಕಕ್ಕೆ ಸರಿಸಿದ್ದು ಆಕೆಗೆ ನೆನಪಿತ್ತು. ಒಂದೇ ಸಾಕ್ಷ್ಯವನ್ನು ನಾನು ನಂಬುವವನಲ್ಲ. ಚನ್ನಗಿರಿಯ ಅಂಗಡಿಯ ಕಾವಲುಗಾರನಿಗೆ ಫೋನು ಮಾಡಿದೆ. ಗುರುವಾರ ಅವನೊಬ್ಬನೇ ಬಂದು ಕೆಳ ಅಂತಸ್ತನ್ನಷ್ಟೇ ಏಣಿ ಇಟ್ಟು ತೊಳೆದನೆಂದೂ ಹಗ್ಗವನ್ನೇ ತಂದಿರಲಿಲ್ಲವೆಂದೂ ಆತ ಹೇಳಿದ. ಮಾತು ಸುಳ್ಳೆಂದು ಸಿದ್ಧವಾಯಿತು.

ಸೋಮವಾರ ಅವರ ಕೆಲಸ ಹೊನ್ನಾಳಿಯಲ್ಲೇ ಇತ್ತು. ನನ್ನ ಶೋಧವನ್ನು ತಿಳಿಸಲೆಂದು ಆ ಕಟ್ಟಡದ ತಾರಸಿ ಹತ್ತಿದೆ. ಅವಳು ಗಂಡನ ಕೈಗೆ ಹಗ್ಗ ಕೊಡುತ್ತಿದ್ದಳು.

“ಇದಾ?” ಎಂದ ಅವನು.

“ಬೇರೆ ಎಲ್ಲೈತೆ?”

“ಬಿದ್ದಿದ್ದು ಒಂದು ಕಡೆ ಅಷ್ಟೇ.”

“ಯಾವ ಕಡೆ, ತೋರ್ಸ್ರಿ. ಕತ್ತರಿಸಿ ಬಿಸಾಕ್ತೀನಿ.”

ಅವನು ಸೊಂಟದ ಪಟ್ಟಿ ಬಿಗಿದುಕೊಳ್ಳತೊಡಗಿದ. ಕೆಳಗಿನಿಂದ ಅಂಗಡಿಯವನು ಇನ್ನೂ ಯಾಕೆ ಇಳಿದಿಲ್ಲವೆಂದು ಕೂಗಿದ. ಅವನು ಗೋಡೆಯಾಚೆ ಕಾಲು ಹಾಕಿದ. ಅವನು ಎರಡನೆಯ ಅಂತಸ್ತಿನ ಗಾಜಿನ ಮುಂದೆ ಬಂದಾಗ ಅವಳು ಹಗ್ಗ ಬಿಡುವುದನ್ನು ನಿಲ್ಲಿಸಿದಳು.

“ಈಗ ಹೇಳ್ರಿ. ಬಿದ್ದೈತಾ?”

ಅವನು ಮೇಲೆ ನೋಡಿದ. ಗಾಜಿನೊಳಗಿನಿಂದ ಸೀರೆ ಆರಿಸುತ್ತಿದ್ದ ಹೆಂಗಸರು ಅವನನ್ನೇ ನೋಡುತ್ತಿದ್ದರು.

“ಬಿಡೇ. ಜನ ನೋಡ್ತಾವ್ರೆ.”

“ನಿನ್ನೆ ಬಂಡೆ ಹತ್ರಾನೂ ಜನ ನೋಡ್ತಿದ್ರು.”

ಅವಳು ಹಗ್ಗವನ್ನು ಒಮ್ಮೆ ಜಗ್ಗಿದಳು. ಅವನ ಮೊಣಕೈ ಗಾಜಿಗೆ ಬಡಿಯಿತು. ಬಕೆಟ್ಟಿನ ಸೋಪುನೀರು ಕೆಳಗೆ ಚೆಲ್ಲಿತು.

“ಬಿದ್ದಿಲ್ಲ ಕಣೇ,” ಎಂದ. “ಸುಳ್ಳು ಹೇಳ್ದೆ.”

ಅವಳು ಮತ್ತೆ ಹಗ್ಗವನ್ನು ಹದವಾಗಿ ಬಿಡುತ್ತಾ ಅವನನ್ನು ಕೆಲಸಕ್ಕೆ ಇಳಿಸಿದಳು. ನಾನು ಉತ್ಸಾಹದಿಂದ ನನ್ನ ಎರಡು ಸಾಕ್ಷ್ಯಗಳನ್ನೂ ಮುಂದಿಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ನೇತಾಡ್ತಿರೋನು ಇನ್ನೇನು ಹೇಳ್ತಾನೆ ಮಾವ? ನೀವು ಹೇಳಾದು ಗುರುವಾರದ ಮಾತು. ಶುಕ್ರವಾರ, ಶನಿವಾರಾನೂ ನಾನಿರ್ಲಿಲ್ಲ, ಹಗ್ಗ ಅವರ ಕೈಯಾಗೇ ಇತ್ತಲ್ಲ.”

ಆ ಎರಡು ದಿನಗಳಿಗೆ ನನ್ನಲ್ಲಿ ಸಾಕ್ಷ್ಯವಿರಲಿಲ್ಲ. ಈಗಲೂ ಇಲ್ಲ.

ಸೀಳುಬಂಡೆಗೆ ಅವಳು ಮತ್ತೆ ಹೋಗಲಿಲ್ಲ. ಸಂಕ್ರಾಂತಿಯ ಮರುದಿನ ನ್ಯಾಮತಿಯ ಅವರ ಮನೆಗೆ ಹೋದಾಗ ಇಬ್ಬರೂ ಕೆಲಸಕ್ಕೆ ಹೊರಡುತ್ತಿದ್ದರು. ಅವನು ಸೊರಗಿದ್ದ; ಕಣ್ಣುಗಳು ಗುಳಿಬಿದ್ದಿದ್ದವು. ಚೀಲಕ್ಕೆ ತುಂಬುತ್ತಿದ್ದದ್ದು ಅದೇ ಹಗ್ಗ.

“ಮಾವ, ನೀವಾದ್ರೂ ಹೇಳ್ರಿ,” ಎಂದ. “ಹೊಸ ಹಗ್ಗ ತರ್ತೀನಿ ಅಂದ್ರೆ ಕೇಳವಲ್ಲಳು, ದಿನಾ ಇದ್ರಾಗೇ ನನ್ನ ಇಳಿಸ್ತಾಳೆ. ಜಗಳೂರಿಗೂ ನಾನೇ ಕರ್ಕಂಡು ಹೋಗ್ತೀನಿ ಅಂದೆ.”

ಅವಳು ಜಡೆ ಸುತ್ತಿ ಗಂಟು ಹಾಕುತ್ತಾ ತಿರುಗಿದಳು.

“ಹೊಸದು ಯಾಕೆ?” ಎಂದಳು ಮೆಲ್ಲಗೆ. “ಇದಕ್ಕೇನೂ ಬಿದ್ದಿಲ್ಲ ಅಂದ್ರಲ್ಲ?”

ಅವನು ಚೀಲವನ್ನು ಹೆಗಲಿಗೇರಿಸಿ ಬೈಕು ಹೊರಗೆ ತೆಗೆದ.