ತಪ್ಪುಕಾಣಿಕೆ ಇಲ್ಲದವರು

ದೇವರನ್ನು ನಂಬುವುದಿಲ್ಲ ಎಂದಾಗ ಜನ ತಿರುಗಿ ಕೇಳುವ ಪ್ರಶ್ನೆಗಳನ್ನು ನಾನು ಡೈರಿಯಲ್ಲಿ ದಿನಾಂಕ ಹಾಕಿ, ಗೆರೆ ಎಳೆದು ಲೆಕ್ಕ ಇಡುತ್ತೇನೆ. ಕೆಟ್ಟ ಚಟ, ಒಪ್ಪಿದೆ. ಆದರೆ ಒಂದು ವಿಷಯ ಗೊತ್ತಾಗಿದೆ. ‘ನೀನು ಏನನ್ನು ನಂಬ್ತೀಯ?’ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಕೇಳುವುದೆಲ್ಲ ಒಂದೇ, ‘ಹಾಗಾದ್ರೆ ನಿಂಗೆ ಭಯ ಯಾರದು ಮಾರಾಯ?’

ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ ಅತ್ತೆಯ ಮಗನ ಹೋಂಸ್ಟೇ ಇದೆ. ಅಲ್ಲಿ ಬುಕಿಂಗ್ ನೋಡಿಕೊಳ್ಳುವವನು ನಾನು. ಜಪಾನಿನ ಅತಿಥಿಯೊಬ್ಬ ತನಗೆ ಧರ್ಮವೇ ಇಲ್ಲ ಎಂದ. ಎಂದವನು ಊಟಕ್ಕೆ ಮೊದಲು ಅಕ್ಕಿರೊಟ್ಟಿಗೆ ಕೈಮುಗಿದ. ಡೆನ್ಮಾರ್ಕಿನ ಅಜ್ಜಿಗೆ ದೇವರಿಲ್ಲ, ಪರಲೋಕವಿಲ್ಲ. ತೀರಿಕೊಂಡ ಗಂಡನ ಜೊತೆ ಮಾತ್ರ ದಿನಾ ಕಾಫಿ ಹೊತ್ತಿಗೆ ಮಾತಾಡುತ್ತಾಳೆ. ಕಲ್ಕತ್ತೆಯ ಮೇಷ್ಟರು ಆತ್ಮವನ್ನೂ ಒಪ್ಪುವುದಿಲ್ಲ, ದುರ್ಗಾಪೂಜೆಯನ್ನೂ ತಪ್ಪಿಸುವುದಿಲ್ಲ. ನಂಬದವರಲ್ಲೂ ಇಷ್ಟು ಪಂಗಡ. ನಮ್ಮಲ್ಲೇ ಹಿಂದೆ ದೇವರು, ಪರಲೋಕ ಒಪ್ಪದ ಲೋಕಾಯತರಿದ್ದರು. ಅವರ ಮಾತು ನಮಗೆ ಸಿಕ್ಕಿದ್ದು ಹೆಚ್ಚಾಗಿ ಅವರನ್ನು ಬೈದವರ ಗ್ರಂಥಗಳಲ್ಲಿ; ಊರಿಗೆ ನೆನಪಿರುವುದು ಅವರು ಸಾಲ ಮಾಡಿ ತಿಂದ ತುಪ್ಪ ಮಾತ್ರ. ಇವರೆಲ್ಲರನ್ನೂ ನಮ್ಮೂರು ಒಂದೇ ಚೀಲಕ್ಕೆ ತುಂಬಿ ‘ಭಯ ಇಲ್ಲದವರು’ ಎಂದು ಚೀಟಿ ಅಂಟಿಸುತ್ತದೆ.

ಈ ಸಲ ಆ ಚೀಟಿ ಗಿರಿಜಕ್ಕನ ನೀರಿಗೇ ಕುತ್ತು ತಂದಿತು.

ನಮ್ಮ ಕೇರಿಯ ಮನೆಗಳಿಗೆ ಗುಡ್ಡದ ಅಬ್ಬಿಯ ಝರಿಯಿಂದ ಪೈಪಿನಲ್ಲಿ ನೀರು ಬರುತ್ತದೆ. ಬೇಸಿಗೆಯಲ್ಲಿ ಅದು ಬೆರಳು ಗಾತ್ರಕ್ಕೆ ಇಳಿಯುತ್ತದೆ. ಬೇರೆಯವರ ಪೈಪಿಗೆ ಕೈಹಾಕಿದವರ ಪಾಲನ್ನು ಆ ಬೇಸಿಗೆ ಮುಗಿಯುವವರೆಗೆ ಕತ್ತರಿಸುವುದು ಊರಿನ ಕಟ್ಟಳೆ. ಮಂಜಪ್ಪನ ಪೈಪಿನ ಜಾಯಿಂಟು ಕಿತ್ತುಹೋಯಿತು. ಪಕ್ಕದ ಗಿರಿಜಕ್ಕನೇ ಕಿತ್ತಿದ್ದು, ತಾನು ಕಣ್ಣಾರೆ ನೋಡಿದ್ದೇನೆ ಎಂದ ಮಂಜಪ್ಪ. ಅವಳ ಪಾಲು ಕತ್ತರಿಸಿದರೆ ಆ ನೀರು ಹರಿಯುವುದು ಅವನ ಮನೆಗೇ. ಒಂಟಿ ಹೆಂಗಸು, ಎರಡು ಎಮ್ಮೆ. ನೀರಿಲ್ಲದಿದ್ದರೆ ಎಮ್ಮೆ ಮಾರಬೇಕು.

ಕಿತ್ತಿದ್ದು ಕಾಡುಹಂದಿ. ಮರಿಗಳ ಜೊತೆ ಮಣ್ಣು ಉಳುತ್ತಾ ಪೈಪಿಗೆ ಮೂತಿ ಹಾಕಿದ್ದನ್ನು ನಾನು ಬೆಳಿಗ್ಗೆ ಬಂಡೆಯ ಮೇಲೆ ನಿಂತು ನೋಡಿದ್ದೇನೆ. ಫೋಟೋ ಯಾಕೆ ತೆಗೆಯಲಿಲ್ಲ ಎಂದು ಆಮೇಲೆ ಊರವರು ಕೇಳಿದರು. ಮರಿಹಾಕಿದ ಹಂದಿಯ ಮುಂದೆ ಮೊಬೈಲ್ ಹಿಡಿಯುವಷ್ಟು ಭಯ ಇಲ್ಲದವನಲ್ಲ ನಾನು.

ಊರಿನ ಹಿರಿಯರಾದ ಪುಟ್ಟೇಗೌಡರ ಜಗುಲಿಯಲ್ಲಿ ಪಂಚಾಯ್ತಿ ಸೇರಿತು. ‘ಚೌಡಿ ಬನದಲ್ಲಿ, ದೇವಿ ಎದುರು ಅಡಿಕೆ ಹಿಂಗಾರ ಹಿಡಿದು ಪ್ರಮಾಣ ಮಾಡಿ ಹೇಳು’ ಎಂದರು ಗೌಡರು ನನಗೆ.

‘ನಾನು ಚೌಡಿಯನ್ನು ನಂಬಲ್ಲ. ಹಿಂಗಾರ ಹಿಡಿದ್ರೆ ಅದೇ ಸುಳ್ಳಾಗ್ತದೆ. ಇಲ್ಲೇ ಹೇಳ್ತೀನಿ.’

‘ನೋಡಿ’ ಎಂದ ಮಂಜಪ್ಪ, ‘ಇವನ ಮಾತಿಗೆ ಎಂತ ಬೆಲೆ? ನಾ ಈಗ್ಲೇ ಬತ್ತೇನೆ ಬನಕ್ಕೆ.’

ನನಗೆ ಮೈಯೆಲ್ಲ ಉರಿಯಿತು. ನಾಟಕ ಮಾಡಿದರೆ ನಾನು ಸತ್ಯವಂತ, ಮಾಡದಿದ್ದರೆ ಸುಳ್ಳ. ಇದು ಯಾವ ಊರಿನ ನ್ಯಾಯ? ‘ಮಂಜಣ್ಣ, ಸುಳ್ಳು ಪ್ರಮಾಣ ಮಾಡಿದ್ರೂ ನಿಮಗೆ ದಾರಿ ಇದೆ. ತಪ್ಪುಕಾಣಿಕೆ ಹಾಕಿದ್ರೆ ಚೌಡಿ ಬಿಟ್ಟುಬಿಡ್ತಾಳೆ. ನಾನು ಸುಳ್ಳು ಹೇಳಿದ್ರೆ ಯಾವ ಹುಂಡಿಗೆ ಹಾಕ್ಲಿ? ಗಿರಿಜಕ್ಕನೇ ಕ್ಷಮಿಸಬೇಕು. ಅವಳು ಕ್ಷಮಿಸೋ ಪೈಕಿಯಲ್ಲ.’

ಜಗುಲಿಯಲ್ಲಿ ಯಾರೋ ನಕ್ಕರು. ಕಂಬಕ್ಕೆ ಒರಗಿ ಕೂತಿದ್ದ ಗಿರಿಜಕ್ಕ ಎದ್ದು ಬಂದು ನನ್ನೆದುರು ನಿಂತಳು. ‘ಆಯ್ತು. ನನ್ನ ಮುಖ ನೋಡಿ ಹೇಳು.’

ಸತ್ಯವನ್ನೇ ಹೇಳಬೇಕಿದ್ದರೂ ಭಯವಾಯಿತು. ಅಷ್ಟು ಹತ್ತಿರದಿಂದ ಒಬ್ಬರ ಕಣ್ಣು ನೋಡಿ ನಾನು ಎಂದೂ ಮಾತಾಡಿರಲಿಲ್ಲ. ಹಂದಿ, ಮರಿ, ಬಂಡೆ, ನನ್ನ ನಡುಕ, ಎಲ್ಲ ಹೇಳಿದೆ.

‘ಈಗ ನೀನು’ ಎಂದರು ಗೌಡರು ಮಂಜಪ್ಪನಿಗೆ. ‘ಅವಳ ಮುಖ ನೋಡಿ ಹೇಳು.’

‘ಅದೆಂತಕ್ಕೆ ಗೌಡ್ರೇ? ಬನಕ್ಕೇ ಹೋಗೋಣ.’

‘ಬನ ಎಲ್ಲೂ ಓಡಿಹೋಗಲ್ಲ. ಮೊದ್ಲು ಇಲ್ಲಿ ಹೇಳು.’

ಮಂಜಪ್ಪ ಗೌಡರನ್ನು ನೋಡಿದ, ಜಗುಲಿಯ ಮಾಡು ನೋಡಿದ, ತನ್ನ ಚಪ್ಪಲಿ ನೋಡಿದ. ‘ಮಬ್ಬಿನಲ್ಲಿ ಸರಿ ಕಾಣ್ಲಿಲ್ಲ, ಹಂದಿಯೂ ಇರಬಹುದು’ ಎಂದ. ಗಿರಿಜಕ್ಕನ ನೀರು ಉಳಿಯಿತು.

ಮರುದಿನ ಅವಳು ಬಾಳೆ ಎಲೆಯಲ್ಲಿ ಸಿಹಿಕಡುಬು ಕಟ್ಟಿಕೊಂಡು ಬಂದಳು. ಚೌಡಿಗೆ ಹಣ್ಣುಕಾಯಿ ಮಾಡಿಸಿದ್ದಳಂತೆ, ಇದು ಪ್ರಸಾದ.

‘ಅಕ್ಕ, ಸಾಕ್ಷಿ ಹೇಳಿದ್ದು ನಾನು’ ಎಂದೆ.

‘ಹೌದು ಮಾರಾಯ. ನಿನ್ನ ಬಾಯಲ್ಲಿ ಹೇಳಿಸಿದ್ದು ಅವಳು.’

ನಾನು ಸುಳ್ಳು ಹೇಳಿದ್ದರೆ ಅದು ದೇವರಿಲ್ಲದ್ದಕ್ಕೆ. ನಿಜ ಹೇಳಿದರೆ ಅದು ದೇವರು ಇದ್ದದ್ದಕ್ಕೆ. ಈ ಲೆಕ್ಕದಲ್ಲಿ ನಾನು ಎಲ್ಲಿದ್ದೇನೆ ಎಂದು ಜಗಳಕ್ಕೆ ಬಾಯಿ ತೆರೆದೆ. ಅವಳು ತೆರೆದ ಬಾಯಿಗೇ ಕಡುಬು ಇಟ್ಟಳು. ಬಿಸಿಯಿತ್ತು. ಸಿಟ್ಟಿನಲ್ಲೇ ತಿಂದೆ, ಎರಡನೆಯದನ್ನೂ.