ಲಿದಿಯಾ ಮೇಡಂ ಸೋಫಾ ಹತ್ತಿದ್ದು

ಎಪ್ಪತ್ತರ ಸಮೀಪದ ರಷ್ಯನ್ ಬ್ಯಾಲೆ ನರ್ತಕಿಯೊಬ್ಬರು ಒಂದೇ ನೆಗೆತಕ್ಕೆ ಸೋಫಾ ಹತ್ತಿ ನಿಲ್ಲುವುದನ್ನು ನೀವು ನೋಡಿದ್ದೀರಾ? ನಾನು ಕಳೆದ ಶುಕ್ರವಾರ ನೋಡಿದೆ. ಹತ್ತಿಸಿದ್ದು ನನ್ನ ಅಮ್ಮ.

ನನ್ನ ಮಗಳು ಅನ್ವಿಗೆ ಹತ್ತು ವರ್ಷ. ಬ್ಯಾಲೆ ಹುಚ್ಚು. ಎರಡು ತಿಂಗಳಿಂದ ಫ್ರಿಜ್ ಹಿಡಿಕೆ ಹಿಡಿದು ತುದಿಗಾಲಲ್ಲಿ ನಿಲ್ಲುವುದೇ ಕೆಲಸ. (ಹಿಡಿಕೆ ಈಗ ಕೈಗೇ ಬಂದಿದೆ.)

ಗಲ್ಫಿನ ನಮ್ಮೂರಲ್ಲಿ, ಗುದೈಬಿಯಾ ಬಡಾವಣೆಯ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಲಿದಿಯಾ ಮೇಡಂ ಕ್ಲಾಸು. ಕೆಳಗೆ ಪರೋಟದ ಹೋಟೆಲು, ಮೇಲೆ ಪಿಯಾನೋ. ಅವರ ಗಂಡ ಊರಾಚೆ ಅಸ್ಕರ್ ಎಂಬಲ್ಲಿನ ಕಾರ್ಖಾನೆಗೆ ಇಂಜಿನಿಯರಾಗಿ ಬಂದವರು. ಅವರು ತೀರಿಕೊಂಡ ಮೇಲೂ ಮೇಡಂ ಇಲ್ಲೇ ಉಳಿದರು. ವರ್ಷಕ್ಕೆ ಎಂಟೇ ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಏಳು ಭರ್ತಿ. ಎಂಟನೆಯ ಸೀಟಿಗೆ ಅನ್ವಿ ಟ್ರಯಲ್ ಕೊಟ್ಟಾಗಿತ್ತು. ಉತ್ತರ ಶುಕ್ರವಾರ ಎಂದಿದ್ದರು.

ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದಿರುವ ಅಮ್ಮ ಸುಮ್ಮನಿರುತ್ತಾರಾ? "ಗುರುಗಳ ಮನೆಗೆ ಕೈ ಬೀಸಿಕೊಂಡು ಹೋಗುದಾ? ನಿನಗೆಂತ ಮರ್ಲಾ ಮಾರಾಯ್ತಿ?" ಎಂದು ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿಯ ತಟ್ಟೆ ಸಿದ್ಧ ಮಾಡಿದರು. ಕಾರಿನಲ್ಲೇ ಮೊಮ್ಮಗಳಿಗೆ ನಮಸ್ಕಾರದ ರಿಹರ್ಸಲ್ ಆಯಿತು.

ಬಾಗಿಲು ತೆರೆದ ಮೇಡಂಗೆ ತಟ್ಟೆ ಕೊಟ್ಟೆವು. "ಕೋಕೋನಟ್?" ಎಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಅಷ್ಟರಲ್ಲಿ ಅಮ್ಮ, "ಹೂಂ, ಬೀಳು!" ಎಂದರು. ಅನ್ವಿ ಧಡಾರನೆ ಬಿದ್ದು ಎರಡೂ ಪಾದಕ್ಕೆ ಕೈ ಹಾಕಿದಳು.

ಮೇಡಂ ಕಿರುಚಿದರು. ಮರುಕ್ಷಣ ಸೋಫಾ ಮೇಲಿದ್ದರು. (ಕಾಲಿಟ್ಟ ಸದ್ದು ಮಾತ್ರ ಕೇಳಲಿಲ್ಲ. ತರಬೇತಿ ಅಂದರೆ ತರಬೇತಿ.)

"ನೋ ಫೀಟ್! ನೆವರ್ ಫೀಟ್!"

ಸೀಟು ಹೋಯಿತು ಎಂದುಕೊಂಡೆ. ಅನ್ವಿ ಇನ್ನೂ ನೆಲದ ಮೇಲೇ ಇದ್ದಳು. ನನಗೆ ಅಮ್ಮನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ನಮಸ್ಕಾರ ಎಂದರೇನು ಎಂದು ತೊದಲುತ್ತಾ ವಿವರಿಸಿದೆ. ಮೇಡಂ ನಿಧಾನ ಇಳಿದು ಕೂತು ಸಾಕ್ಸ್ ತೆಗೆದರು. ಗಂಟು ಗಂಟಾದ ಬೆರಳುಗಳು, ಸೊಟ್ಟ ಹೆಬ್ಬೆರಳು. ಅನ್ವಿಯ ವಯಸ್ಸಿಗೇ ಬ್ಯಾಲೆ ಶಾಲೆ ಸೇರಿದ್ದರಂತೆ. ಆಮೇಲೆ ಹದಿನೈದು ವರ್ಷ ಥಿಯೇಟರಿನಲ್ಲಿ ಹಿಂದಿನ ಸಾಲಿನಲ್ಲೇ ಕುಣಿದರು. ಕೊನೆಗೂ ದೊಡ್ಡ ಪಾತ್ರ ಸಿಕ್ಕಿದ ವಾರವೇ ರಿಹರ್ಸಲ್‌ನಲ್ಲಿ ಬಿದ್ದರು. ಅಲ್ಲಿಂದ ಪಾಠ ಹೇಳುವುದೇ ಬದುಕು.

"ನಮ್ಮಲ್ಲಿ ಕಾಲು ಹಿಡಿಯುವವನು ಡಾಕ್ಟರ್ ಒಬ್ಬನೇ," ಎಂದರು ತಮ್ಮ ಇಂಗ್ಲಿಷಿನಲ್ಲಿ. "ಅವನು ಹಿಡಿದ. ನನ್ನ ಡ್ಯಾನ್ಸ್ ಫಿನಿಷ್."

ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರು ಆ ಪಾದಗಳನ್ನೇ ನೋಡುತ್ತಿದ್ದರು. "ಅಯ್ಯೋ ಪಾಪ. ನಮ್ಮಲ್ಲಿ ಕಾಲು ಮುಟ್ಟಿದ ಮೇಲೆಯೇ ಡ್ಯಾನ್ಸ್ ಶುರುವಾಗುದು ಅಂತ ಹೇಳು ಅವರಿಗೆ."

ಹೇಳಿದೆ. ಮೇಡಂ ಕಣ್ಣು ಮುಚ್ಚಿ, ಇಂಜೆಕ್ಷನ್‌ಗೆ ತೋಳು ಕೊಡುವವರ ಹಾಗೆ ಎಡಗಾಲು ಚಾಚಿದರು. "ಒನ್ ಓನ್ಲಿ. ಆಹಿಸ್ತಾ." (ಮೆಲ್ಲಗೆ ಅಂತ. ನಮ್ಮವರೇ ತುಂಬಿದ ಗುದೈಬಿಯಾದಲ್ಲಿ ಇಷ್ಟು ವರ್ಷ ಇದ್ದವರಿಗೆ ಅಷ್ಟು ಹಿಂದಿ ಬಂದೇ ಬರುತ್ತದೆ.)

ಅನ್ವಿ ಒಂದೇ ಬೆರಳಿನಿಂದ ಮುಟ್ಟಿದಳು. "ತಲೆ ಮೇಲೆ ಕೈ ಇಡಿ, ಇಡಿ," ಎಂದು ಅಮ್ಮ ಮೇಡಂ ಕೈಯನ್ನು ತಾವೇ ಎತ್ತಿ ಮೊಮ್ಮಗಳ ತಲೆಯ ಮೇಲಿಟ್ಟರು. ಆ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಮೆಲ್ಲಗೆ ಕೆಳಗಿಳಿದು ಅನ್ವಿಯ ಗಲ್ಲ ಹಿಡಿದು ಮೇಲೆತ್ತಿತು.

"ನೆಕ್ ಸ್ಟ್ರೇಟ್. ಸಂಡೇ, ಫೋರ್ ಓ ಕ್ಲಾಕ್."

ವಾಪಸ್ ಬರುವಾಗ ಅನ್ವಿ ಹಿಂದಿನ ಸೀಟಿನಲ್ಲಿ ಕತ್ತು ನೆಟ್ಟಗೆ ಮಾಡಿ ಕೂತಿದ್ದಳು. ಅಮ್ಮನದು ಮಾತ್ರ ಒಂದೇ ಗೊಣಗು: "ಎಂತ ಆಶೀರ್ವಾದ ಅದು? ನೂರು ವರ್ಷ ಬಾಳು ಅಂತ ಒಂದು ಮಾತು ಹೇಳ್ಲಿಲ್ಲ."

ನೀವೇ ಹೇಳಿ, ನೂರು ವರ್ಷ ಬಾಳು ಎಂದ ಹಿರಿಯರಲ್ಲಿ ಎಷ್ಟು ಜನ ನಮಗೆ ನಾಲ್ಕು ಗಂಟೆಗೆ ಬಾ ಎಂದಿದ್ದಾರೆ?