ಜೊಹಾನಾಳ ಸೂರಿನ ಹಳದಿ ತೇಪೆ

ಫೆಲಿಮ್ ಕ್ವಿನ್ಲನ್‌ನ ಹೆಸರನ್ನು ಜೊಹಾನಾ ಮೊದಲು ಕೇಳಿದ್ದು ಬಾವಿಕಟ್ಟೆಯಲ್ಲಿ. ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿನ ಟಿಪ್ಪರರಿ ಸೀಮೆಯ ಜನ ಹಸಿವಿನಿಂದ ಮಣ್ಣು ಸೇರುತ್ತಿದ್ದ ಕಾಲ. ಅವಳ ಗಂಡನೂ ಹೋಗಿದ್ದ, ಸೂರು ಸೋರುತ್ತಿತ್ತು.

“ಫೆಲಿಮ್‌ನ ಕರೆಸೇ. ಅವನು ಹುಲ್ಲು ಹೊದಿಸಿದ್ರೆ ಒಂದು ಹನಿ ಇಳಿಯಲ್ಲ,” ಎಂದಳು ನೆರೆಮನೆಯ ವಿನ್ನಿ. “ಆದ್ರೆ ಅವನ ಬಾಯಿಗೆ ಮುಚ್ಚಳ ಇಲ್ಲ. ಇಂಗ್ಲಿಷರನ್ನ ಓಡಿಸೋ ಕತೆ ಕೇಳ್ತಾ ನಿಂತಿರಬೇಕು.”

ಅವನು ಬಂದ. ಹೊಗೆ ಕುಡಿದು ಕಪ್ಪಾದ ಹಳೆಯ ಹುಲ್ಲಿನೊಳಗೆ ಆರು ಈಟಿಯಲಗು ಮಲಗಿಸಿ, ಮೇಲೆ ಹೊಸ ಗೋದಿಹುಲ್ಲು ಹೊದಿಸಿದ.

“ಸುಗ್ಗಿಯೊಳಗೆ ಐರ್ಲೆಂಡ್ ನಮ್ಮದು, ಜೊಹಾನಕ್ಕ. ದೊಡ್ಡೋರೆಲ್ಲ ಮಾತು ಕೊಟ್ಟಿದ್ದಾರೆ. ಅಲ್ಲೀವರೆಗೆ ಇದು ಇಲ್ಲಿರ್ಲಿ.”

ಅವಳು ಒಪ್ಪಿದಳು. ಆ ಮಾತು ಕೇಳಿದಾಗ ಹಸಿವು ಒಂದು ಗಳಿಗೆ ಮರೆತುಹೋಗಿತ್ತು.

ಆ ಬೇಸಿಗೆಯಲ್ಲಿ ಫೆಲಿಮ್ ಮತ್ತವನ ಜೊತೆಯವರು ದಂಗೆಯ ಕರೆಗಾಗಿ ಗುಡ್ಡದ ಮೇಲೆ ಎರಡು ದಿನ ಮಳೆಯಲ್ಲಿ ಕಾದರು. ಅಡಗಿಸಿದ ಈಟಿ ಹೊರತೆಗೆಯುವ ಮೊದಲೇ ಮುಖಂಡರು ಕುದುರೆಯ ಮೇಲೆ ಬಂದು, ಮನೆಗೆ ಹೋಗಿ ಎಂದು ಹೇಳಿ, ಕಣ್ಮರೆಯಾದರು.

ಆಮೇಲೆ ಪೊಲೀಸರು ಕಬ್ಬಿಣದ ಸರಳು ಹಿಡಿದು ಮನೆಮನೆಯ ಸೂರು ಚುಚ್ಚುತ್ತ ಬಂದರು. ಊರಿನ ಬೂದು ಸೂರುಗಳ ನಡುವೆ ಜೊಹಾನಾಳ ತೇಪೆಯೊಂದೇ ಹಳದಿ. ಮಸಿನೀರು ಎರಚಿ ನೋಡಿದಳು. ಮಳೆ ತೊಳೆದು ಇನ್ನಷ್ಟು ಹೊಳೆಯಿಸಿತು. ಸಿಕ್ಕಿಬಿದ್ದರೆ ಸಮುದ್ರದಾಚೆಗೆ ಗಡೀಪಾರು. ನಾಯಿ ಬೊಗಳಿದರೆ ಸಾಕು, ಅವಳು ಬಾಗಿಲಿಗೆ ಓಡಿ ಇಣುಕುತ್ತಿದ್ದಳು.

ಅಮೆರಿಕದ ಹಡಗಿಗೆ ಹೊರಟ ದಿನ ಫೆಲಿಮ್ ತನ್ನ ಒಲೆಯ ಕೆಂಡವನ್ನು ಮಡಕೆಯಲ್ಲಿ ಹೊತ್ತು ಅವಳ ಬಾಗಿಲಿಗೆ ಬಂದ. ಊರು ಬಿಡುವವರು ಒಲೆ ಆರಿಸುವುದಿಲ್ಲ, ನೆರೆಯವರ ಒಲೆಗೆ ಸೇರಿಸಿ ಹೋಗುತ್ತಾರೆ. ಪೊಲೀಸರು ಆಗಲೇ ವಿನ್ನಿಯ ಅಂಗಳದಲ್ಲಿದ್ದರು.

“ಕೆಂಡ ಅತ್ಲಾಗಿಡು ಮಾರಾಯ! ನನ್ನ ತಲೆ ಮೇಲಿರೋದನ್ನ ಮೊದಲು ತೆಗಿ!”

ಅವನು ಏಣಿ ಹಾಕಿ, ಹಾಡಹಗಲೇ ತೇಪೆ ಬಿಚ್ಚಿದ. ಕಪ್ಪು ಹುಲ್ಲಿನ ಕಂತೆಯಲ್ಲಿ ಅಲಗುಗಳನ್ನು ಸುತ್ತಿ ಕೆಳಕ್ಕೆ ಹಾಕಿದ. ಹಳೆ ಸೂರಿನ ಹುಲ್ಲೆಂದರೆ ಆಲೂಗಡ್ಡೆಗೆ ಗೊಬ್ಬರ. ಅದನ್ನು ಹೊತ್ತ ಹೆಂಗಸನ್ನು ಯಾರೂ ತಡೆಯುವುದಿಲ್ಲ. ಜೊಹಾನಾ ಅದನ್ನು ಹೊತ್ತು ಹೋಗಿ ತಿಪ್ಪೆಗುಂಡಿಯ ತಳಕ್ಕೆ ತುಳಿದಳು.

“ಏಯ್, ಸೂರು ಯಾಕೋ ಬಿಚ್ಚಿದೆ?” ಅಂಗಳಕ್ಕೆ ಬಂದ ಪೊಲೀಸಿನವನು ಗದರಿದ.

“ನೀವು ಚುಚ್ಚಿದ ಮನೆಯೆಲ್ಲ ಸೋರ್ತಿದೆ, ಸ್ವಾಮಿ. ಇದನ್ನ ನಾನೇ ಬಿಚ್ಚಿಟ್ಟಿದೀನಿ, ನೋಡ್ಕೊಳ್ಳಿ,” ಎಂದ ಫೆಲಿಮ್.

ಪೊಲೀಸಿನವನು ಸುತ್ತ ನಾಲ್ಕು ಕಡೆ ಚುಚ್ಚಿದ. ತಿಪ್ಪೆಯವರೆಗೂ ಹೋಗಿ, ಮೂಗು ಮುಚ್ಚಿಕೊಂಡು ತಿರುಗಿದ.

ಸೂರು ಮುಚ್ಚಿದ ಮೇಲೆ ಫೆಲಿಮ್ ಕೆಂಡವನ್ನು ಅವಳ ಒಲೆಗೆ ಸುರಿದ.

“ಆರದ ಹಾಗೆ ನೋಡ್ಕೋತೀನಪ್ಪ,” ಎಂದಳು ಜೊಹಾನಾ.

“ಆರಿದ್ರೂ ಆರ್ಲಿ, ಅಕ್ಕ. ಆ ಕಬ್ಬಿಣ ಮಾತ್ರ ಯಾರು ಬಂದು ಕೇಳಿದ್ರೂ ತೋರಿಸ್ಬೇಡ. ಮತ್ತೆ ಯಾವುದೋ ದೊಡ್ಡೋರ ಮಾತು ನಂಬಿ ಅಮೆರಿಕದಿಂದ ನಾನೇ ಕಾಗದ ಬರೆದು ಕೇಳಿದ್ರೂ ಕೊಡ್ಬೇಡ.”